ಮೂತಾದ ನೆಲಕ್ಕೆ ಕಾಲಿಡಬಾರದವಳು

ಮಾದಬಾ
9 ಫೆಬ್ರವರಿ 1994

ಫಿದ್ದಾ,

ಸಲಾಂ. ಲಕೋಟೆಯ ಮೇಲಿನ ಅಕ್ಷರ ಗುರುತು ಹಿಡಿದಿರುತ್ತೀ. ಹರಿದು ಹಾಕಬೇಕು ಅನ್ನಿಸಿದರೆ ಹರಿ, ಓದಿ ಹರಿ.

ಆರು ವರ್ಷ ನಿನಗೆ ಬರೆಯಲಿಲ್ಲ. ಏನೆಂದು ಬರೆಯಲಿ? ಕೊಯ್ಲು ಯಂತ್ರ ಮೊದಲು ಯಾರ ಗೋಧಿ ಹೊಲಕ್ಕೆ ಇಳಿಯಬೇಕು ಅನ್ನುವ ಜಗಳದಲ್ಲಿ ನನ್ನ ದೊಡ್ಡಪ್ಪನ ಮಗ ನಾಯಿಫ್ ನಿನ್ನ ಅಣ್ಣ ಫವ್ವಾಜನಿಗೆ ಚೂರಿ ಹಾಕಿದ. ನಾಯಿಫ್ ಜೈಲಿಗೆ ಹೋದ. ಅದು ಸರಿ. ಅವನು ಅಲ್ಲೇ ಕೊಳೆಯಲಿ, ನಾನು ಒಂದು ಹನಿ ಕಣ್ಣೀರು ಹಾಕುವುದಿಲ್ಲ. ಆದರೆ ಅದೇ ಸಂಜೆ ನಮ್ಮ ಹಿರಿಯರೂ ನಿಮ್ಮ ಹಿರಿಯರೂ ಗಡ್ಡ ನೀವಿಕೊಂಡು ಕೂತು ತೀರ್ಮಾನ ಮಾಡಿದರಲ್ಲ, ಕೊಂದವನ ಐದನೇ ತಲೆಯ ಅಜ್ಜನಿಂದ ಇಳಿದು ಬಂದ ಕುಡಿಯೆಲ್ಲ ಮೂತಾ ಬಿಟ್ಟು ಹೊರಡಬೇಕು ಅಂತ, ಅದು ಯಾವ ನ್ಯಾಯ? ನನ್ನ ತಮ್ಮನ ಮಗ ಆಗ ತೊಟ್ಟಿಲಲ್ಲಿದ್ದ. ಅವನೂ ಚೂರಿ ಹಿಡಿದಿದ್ದನೇ? ನಾನು ಮೊಸರು ಹೆಪ್ಪು ಹಾಕುತ್ತಿದ್ದೆ. ಅರ್ಧ ಹೆಪ್ಪಾದ ಮೊಸರನ್ನು ಬಿಟ್ಟು ಲಾರಿ ಹತ್ತಿದವಳು ನಾನು.

ವಿಷಯಕ್ಕೆ ಬರುತ್ತೇನೆ. ಇಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತೇನೆ ಎಂದು ನೀನು ಯಾರಿಂದಲಾದರೂ ಕೇಳಿರುತ್ತೀ. ಏಪ್ರಿಲ್‌ನಲ್ಲಿ ಮಕ್ಕಳನ್ನು ಮೂತಾದ ಯುದ್ಧದ ಬಯಲು ತೋರಿಸಲು ಕರೆದೊಯ್ಯಬೇಕಂತೆ. ಮುಖ್ಯೋಪಾಧ್ಯಾಯಿನಿ ನಗುನಗುತ್ತಾ, "ರಸ್ಮಿಯಾ, ನೀನು ಅಲ್ಲಿಯವಳೇ ಅಲ್ವಾ? ನಿನಗಿಂತ ಬೇಕಾ?" ಅಂದರು. ಕಾಲು ನೋವು ಅಂದೆ. ಆಮೇಲೆ ಮನೆಗೆ ಬಂದು ನನ್ನ ಮೇಲೆ ನನಗೇ ಹೇಸಿಗೆ ಆಯಿತು.

ನಾನು ಬರಬೇಕು ಫಿದ್ದಾ. ನಾವಿಬ್ಬರೂ ಕುರಿ ಮೇಯಿಸಿದ ಬಯಲು ಅದು. ನಾನು ಬಂದು ಹೋದರೆ ದಾರಿ ಒಂದಿಷ್ಟಾದರೂ ತೆರೆದಂತೆ, ನಾಳೆ ಅಪ್ಪನೂ ಬರಬಹುದು. ನಿಮ್ಮ ಹಿರಿಯರನ್ನು ಕೇಳಬೇಡ. ನಿನ್ನ ಅಮ್ಮನನ್ನು ಕೇಳು. ಮಗ ಸತ್ತದ್ದು ಅವರಿಗೆ. ಬೇಡ ಅಂದರೆ ಬೇಡ. ಅವರ ಬಾಯಿಂದ ಬಂದ 'ಬೇಡ'ಕ್ಕೆ ನಾನು ತಲೆ ಬಾಗುತ್ತೇನೆ, ಬೇರೆ ಯಾರದಕ್ಕೂ ಇಲ್ಲ.

ಇನ್ನೆರಡು ದಿನಕ್ಕೆ ರಂಜಾನ್. ನಿಮ್ಮ ಮನೆಯ ಉಪವಾಸ ಸಲ್ಲಲಿ.

ರಸ್ಮಿಯಾ


ಮೂತಾ
27 ಫೆಬ್ರವರಿ 1994

ರಸ್ಮಿಯಾ,

ಹರಿಯಲಿಲ್ಲ. ಒಲೆಗೆ ಹಾಕೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ.

ನಿನ್ನ ಕಾಗದದಲ್ಲಿ ನಿನ್ನ ಮನೆ ಇದೆ, ನಿನ್ನ ಮೊಸರು ಇದೆ, ನಿನ್ನ ತಮ್ಮನ ಮಗ ಇದ್ದಾನೆ. ನನ್ನ ಅಣ್ಣ ಒಂದು ಸಾಲಿನಲ್ಲಿ ಸತ್ತು ಮುಗಿದ. ಟೀಚರಮ್ಮ ಆದಮೇಲೆ ಹೀಗೇ ಏನು, ತಾರೀಕು ಹೇಳಿ ಮುಂದಿನ ಪಾಠಕ್ಕೆ ಹೋಗುವುದು?

ಕೇಳು. ಅವನನ್ನು ಹೊಲದಿಂದ ಕಂಬಳಿಯಲ್ಲಿ ತಂದರು. ಕಂಬಳಿ ನಿಮ್ಮ ಮನೆಯದು. ಯಾರೋ ಗಡಿಬಿಡಿಯಲ್ಲಿ ನಿಮ್ಮ ಬೇಲಿಯ ಮೇಲೆ ಒಣಗಲು ಹಾಕಿದ್ದನ್ನು ಎಳೆದುಕೊಂಡು ಓಡಿದ್ದರು. ನೀನು ಮಗ್ಗದಲ್ಲಿ ಕೂತು ನೇಯ್ದದ್ದು. ನಾನು ಪಕ್ಕದಲ್ಲಿ ಕೂತು ನೂಲು ಸುತ್ತಿ ಕೊಟ್ಟದ್ದು. ಅಮ್ಮ ಅದನ್ನು ತೊಳೆದಳೋ ಸುಟ್ಟಳೋ ನಾನು ಈವರೆಗೆ ಕೇಳಿಲ್ಲ. ಆ ಸಂಜೆ ನಾನು ಅತ್ತದ್ದು ಅವನಿಗೆ ಮಾತ್ರ ಅಂತ ಊರೆಲ್ಲ ತಿಳಿದುಕೊಂಡಿದೆ. ಗೋಡೆಯಾಚೆ ನಿಮ್ಮ ಲಾರಿ ಗುರ್ ಗುರ್ ಅನ್ನುತ್ತಿತ್ತು. ಬಂದು ನಿನ್ನ ಜುಟ್ಟು ಹಿಡಿದು ಹೊಡೆಯಬೇಕು ಅನ್ನಿಸಿತು, ನಿನ್ನ ಹೆಗಲ ಮೇಲೆ ಬಿದ್ದು ಅಳಬೇಕು ಅನ್ನಿಸಿತು. ಎರಡಕ್ಕೂ ನನ್ನನ್ನು ಬಿಡಲಿಲ್ಲ ಅವರು.

ಅಮ್ಮನನ್ನು ನಾನು ಕೇಳುವುದಿಲ್ಲ. ಅವಳಿಗೆ ಉಪವಾಸ, ಮೇಲೆ ರಕ್ತದೊತ್ತಡ.

ನಿಮ್ಮ ಮನೆಯ ಬಾಗಿಲನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ನಮ್ಮವರಲ್ಲ. ಅದನ್ನು ಹೇಳಬೇಕು ಅನ್ನಿಸಿತು.

ಇನ್ನು ಬರೆಯುವುದಾದರೆ ಮನೆಗೆ ಬರೆಯಬೇಡ, ನಾನು ಕೆಲಸ ಮಾಡುವ ಹೊಲಿಗೆ ಕೇಂದ್ರದ ವಿಳಾಸಕ್ಕೆ ಬರೆ. ಅಲ್ಲಿ ಕಾಗದ ಬಿಚ್ಚುವವಳು ನಾನೇ.

ಫಿದ್ದಾ


ಮಾದಬಾ
16 ಮಾರ್ಚ್ 1994

ಫಿದ್ದಾ,

ನೀನು ಹೊಡೆದ ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ಕಂಬಳಿಯ ವಿಷಯ ನನಗೆ ಗೊತ್ತಿರಲಿಲ್ಲ. ಹಬ್ಬದ ದಿನವೆಲ್ಲ ಅದೇ ಕಣ್ಣ ಮುಂದೆ.

ಫವ್ವಾಜ್ ನನಗೆ ಸೈಕಲ್ ಕಲಿಸಿದವನು. ಬಿದ್ದಾಗ "ಅಳಬೇಡ ಗಂಡುಬೀರಿ, ಸೈಕಲ್ಲಿಗೆ ನೋವಾಗಿದೆಯಾ ನೋಡು" ಅನ್ನುತ್ತಿದ್ದ. ಅವನ ಸಾವಿಗೆ ನಿಮ್ಮ ಮನೆಯ ಹೆಂಗಸರ ನಡುವೆ ಕೂತು ಅಳುವ ಹಕ್ಕು ನನಗಿತ್ತು. ಮನೆ ಹೋದದ್ದಕ್ಕಿಂತ ಅದನ್ನು ಕಸಿದುಕೊಂಡದ್ದಕ್ಕೆ ನನಗೆ ಸಿಟ್ಟು. ಗಂಡಸರು ಚೂರಿ ಎತ್ತುತ್ತಾರೆ, ಗಂಡಸರೇ ಕೂತು ಕಾಫಿ ಕುಡಿದು ರಾಜಿ ಮಾಡುತ್ತಾರೆ, ನಡುವೆ ಹೆಂಗಸರ ಬಾಯಿಗೆ ಬಟ್ಟೆ. ನನ್ನನ್ನಾಗಲಿ ನಿನ್ನನ್ನಾಗಲಿ ಯಾರಾದರೂ ಒಂದು ಮಾತು ಕೇಳಿದರೇ?

ಪ್ರವಾದಿಯವರ ಕಾಲದ ಮೂತಾದ ಯುದ್ಧವನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಬಿಡುಗಡೆಯಾದ ಗುಲಾಮ ಜೈದ್, ದೊಡ್ಡ ದೊಡ್ಡ ಮನೆತನದವರ ಮುಂದೆ ಬಾವುಟ ಹಿಡಿದು ನಡೆದ, ಬಿದ್ದ. ಜಾಫರ್ ಎತ್ತಿಕೊಂಡ, ಬಿದ್ದ. ಅಬ್ದುಲ್ಲಾ ಎತ್ತಿಕೊಂಡ, ಅವನೂ ಬಿದ್ದ. ನಾಲ್ಕನೆಯವನು ಖಾಲಿದ್. ಅವನು ಸಾಯುವ ಹುಕಿ ಬಿಟ್ಟು ಉಳಿದವರನ್ನು ಬದುಕಿಸಿಕೊಂಡು ಹಿಂದಕ್ಕೆ ಹೊರಟ. ಆಮೇಲಿನದು ಪಾಠದ ಪುಸ್ತಕದಲ್ಲಿ ಒಂದೇ ಸಾಲು. ಅವರು ಮದೀನಾಕ್ಕೆ ಮರಳಿದಾಗ ಊರಿನವರು ಮಣ್ಣು ತೂರಿದರು, ಓಡಿಬಂದವರು ಅಂತ ಕೂಗಿದರು. ಒಬ್ಬನಂತೂ ಬೈಗುಳಕ್ಕೆ ಅಂಜಿ ನಮಾಜಿಗೂ ಮನೆ ಬಿಟ್ಟು ಹೊರಗೆ ಬರಲಿಲ್ಲವಂತೆ. ಪ್ರವಾದಿಯವರೇ ಎದ್ದು ನಿಂತು, ಇವರು ಓಡಿದವರಲ್ಲ, ಮತ್ತೆ ಹೋಗುವವರು ಅನ್ನಬೇಕಾಯಿತು.

ಆ ಸಾಲನ್ನು ನಾನು ಎರಡೆರಡು ಸಲ ಓದಿಸುತ್ತೇನೆ. ಮಕ್ಕಳು ಟೀಚರಿಗೆ ಭಕ್ತಿ ಜಾಸ್ತಿ ಅಂದುಕೊಳ್ಳುತ್ತವೆ.

ಅಪ್ಪ ಹೇಗಿದ್ದಾರೆ ಅಂತ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮಾದಬಾದ ಎಲ್ಲ ಅಂಗಡಿಯವರ ಜತೆ ಜಗಳ ಆಡುತ್ತಾರೆ. ಒಣಮಜ್ಜಿಗೆ ಉಂಡೆಯನ್ನು ಮೂಸಿ ನೋಡಿ, "ಇದು ಜಮೀದ್ ಅಲ್ಲ, ಸೀಮೆಸುಣ್ಣ. ನನ್ನ ಮಗಳಿಗೆ ಕೊಡು, ಬೋರ್ಡ್ ಮೇಲೆ ಬರೀತಾಳೆ" ಅನ್ನುತ್ತಾರೆ. ಈ ಮನೆಗೆ ಒಂದು ಮೊಳೆ ಹೊಡೆಯಲು ಬಿಡುವುದಿಲ್ಲ. "ಬಾಡಿಗೆ ಗೋಡೆಗೆ ಯಾಕೆ ಗಾಯ ಮಾಡ್ತೀರಿ? ನಾವೇನು ಇಲ್ಲೇ ಇರ್ತೀವಾ?" ಅಂತ. ಬಟ್ಟೆಗಳೆಲ್ಲ ಇನ್ನೂ ಗಂಟಿನಲ್ಲೇ ಇವೆ.

ಕೇಳುವುದು, ಬಿಡುವುದು ನಿನಗೆ ಬಿಟ್ಟದ್ದು. ಮತ್ತೆ ಒತ್ತಾಯ ಮಾಡುವುದಿಲ್ಲ. ಬಸ್ಸು ಏಪ್ರಿಲ್ 14, ಗುರುವಾರ.

ರಸ್ಮಿಯಾ


ಮೂತಾ
2 ಏಪ್ರಿಲ್ 1994

ರಸ್ಮಿಯಾ,

ಕೇಳಿದೆ. ನಿನಗಾಗಿ ಅಲ್ಲ. ಸೈಕಲ್ಲಿನ ಮಾತಿಗಾಗಿ.

ಅಮ್ಮ ಮಾಳಿಗೆಯ ಮೇಲೆ ಕೂತು ಗಟ್ಟಿ ಮಜ್ಜಿಗೆಗೆ ಉಪ್ಪು ಹಾಕಿ ಜಮೀದ್ ಉಂಡೆ ಕಟ್ಟುತ್ತಿದ್ದಳು.

"ಅಮ್ಮಾ, ರಸ್ಮಿಯಾ ಕಾಗದ ಬರೆದಿದಾಳೆ" ಅಂದೆ.

"ಯಾವ ರಸ್ಮಿಯಾ?"

"ನಿನಗೆ ಎಷ್ಟು ಜನ ರಸ್ಮಿಯಾ ಗೊತ್ತು?"

"ಒಬ್ಬಳೇ. ನನ್ನ ನೀರಿನ ತೊಟ್ಟಿಗೆ ಬೆಕ್ಕು ಹಾಕಿದವಳು."

"ಬೆಕ್ಕು ತಾನೇ ಬಿದ್ದದ್ದು."

"ನೋಡು, ಇನ್ನೂ ಅವಳ ಪರ ವಕೀಲಿಕೆ ಮಾಡ್ತಾಳೆ." ಕೈ ಮಾತ್ರ ನಿಲ್ಲಲಿಲ್ಲ. "ಈಗಲೂ ಕಡ್ಡಿ ಹಂಗೇ ಇದಾಳಾ, ಮೈ ತುಂಬಿದೆಯಾ?"

ನಾನು ವಿಷಯ ಹೇಳಿ ಮುಗಿಸುವಷ್ಟರಲ್ಲಿ ಮುತ್ಲಖ್ ಚಿಕ್ಕಪ್ಪ ಮೆಟ್ಟಿಲು ಹತ್ತಿ ಬಂದರು. ನಿನಗೆ ಗೊತ್ತಲ್ಲ, ಅಪ್ಪ ತೀರಿಕೊಂಡ ಮೇಲೆ ಮನೆಯ ಮಾತೆಲ್ಲ ಅವರದೇ. ನನ್ನ ಕೊನೆಯ ಮಾತು ಕೇಳಿಸಿಕೊಂಡು ಅವರ ಮುಖ ಕೆಂಪಾಯಿತು.

"ಅವಳು ಮೂತಾಕ್ಕೆ ಬರೋದಾ? ರಾಜಿಗೆ ಎರಡೂ ಕಡೆ ಜಾಮೀನು ನಿಂತವರ ಮುಖಕ್ಕೆ ಮಸಿ ಬಳಿಯೋಕಾ? ನಮ್ಮ ಹುಡುಗರು ನೋಡಿದ್ರೆ ಸುಮ್ನೆ ಇರ್ತಾರೇನು ಅತ್ತಿಗೆ?"

ಅಮ್ಮ ಉಂಡೆ ತಟ್ಟುತ್ತಲೇ, "ಬಸ್ಸು ಹೋಗೋ ರಸ್ತೆ ಯಾರದು ಮುತ್ಲಖ್? ನಿಮ್ಮಪ್ಪನದಾ?" ಅಂದಳು.

"ಸರ್ಕಾರದ್ದು."

"ಮತ್ತೆ? ಸರ್ಕಾರದ ರಸ್ತೇಲಿ ಶಾಲೆ ಬಸ್ಸು ಬರುತ್ತೆ. ನೀನ್ಯಾಕೆ ಚಕ್ರಕ್ಕೆ ಅಡ್ಡ ಮಲಗ್ತೀಯ?"

ಆಮೇಲೆ ನಡೆದದ್ದು ಎಂಥ ನಾಚಿಕೆಗೇಡು ಅಂದರೆ ಬರೆಯಲು ನಗು ಬರುತ್ತದೆ. ಚಿಕ್ಕಪ್ಪ ಹೋಗಿ ಇನ್ನಿಬ್ಬರು ಹಿರಿಯರನ್ನು ಕೇಳಿಕೊಂಡು ಬಂದರು. ತೀರ್ಪು ಹೀಗೆ: ನೀನು ಬರಬಹುದು. ಬಯಲಿನ ತನಕ ಬಸ್ಸು ಬರಬಹುದು. ಆದರೆ ಇಳಿಯಬಾರದು. ಬಸ್ಸಿನ ಚಕ್ರ ಮೂತಾದ ನೆಲ ಮುಟ್ಟಬಹುದು, ನಿನ್ನ ಕಾಲು ಮುಟ್ಟಬಾರದು.

ಅಮ್ಮ ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಮಕ್ಕಳು ಬಿಸಿಲಲ್ಲಿ ಬರ್ತಾವೆ" ಅಂದಳು, ಅಷ್ಟೆ.

ನನ್ನನ್ನು ಅವತ್ತು ಕರಕ್‌ಗೆ ಅತ್ತೆಯ ಮನೆಗೆ ಕಳಿಸುತ್ತಾರಂತೆ. ನಾನು ನಿನ್ನನ್ನು ನೋಡಬಾರದಂತೆ. ಬರುವುದಾದರೆ ಬಾ. ಬರಬೇಡ ಅಂತಲೂ ಹೇಳಲಾರೆ.

ಫಿದ್ದಾ


ಮಾದಬಾ
19 ಏಪ್ರಿಲ್ 1994

ಫಿದ್ದಾ,

ನೀನು ಇರಲಿಲ್ಲ, ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ. ಕೆಟ್ಟ ಸುದ್ದಿ ಕೊನೆಗೆ.

ಮೂಜಿಬ್ ಕಣಿವೆಯ ತಿರುವುಗಳಲ್ಲಿ ಅರ್ಧ ತರಗತಿ ವಾಂತಿ ಮಾಡಿಕೊಂಡಿತು. ಇನ್ನರ್ಧ ಹಾಡುತ್ತಿತ್ತು. ಕರಕ್ ದಾಟಿದ ಮೇಲೆ ನಾನು ಕಿಟಕಿಗೆ ಹಣೆ ಹಚ್ಚಿ ಕೂತೆ. ಗೋಧಿ ಮೊಣಕಾಲೆತ್ತರ ಬಂದಿದೆ. ವಿಶ್ವವಿದ್ಯಾಲಯದ ಕಟ್ಟಡಗಳು ಬೆಳೆದು ಬಯಲನ್ನು ಒತ್ತಿಕೊಂಡು ಬಂದಿವೆ. ಆದರೂ ಆ ಮುರಿದ ಕಲ್ಲಿನ ಕಮಾನು ಹಾಗೇ ನಿಂತಿದೆ, ಹಲ್ಲು ಬಿದ್ದ ಮುದುಕನ ಹಾಗೆ.

ಮಕ್ಕಳು ಇಳಿದವು. ನಾನು ಇಳಿಯಲಿಲ್ಲ. ಡ್ರೈವರ್ ಅಬೂ ಜಿರಿಯಸ್ ತಿರುಗಿ ನೋಡಿದ.

"ಇಳೀರಿ ಟೀಚರಮ್ಮ. ಈ ತಗಡಿನ ಡಬ್ಬದಲ್ಲಿ ಬೇಯ್ತೀರಿ."

"ನಾನು ಇಳಿಯಂಗಿಲ್ಲ."

"ಯಾಕೆ, ಕಾಲಿಗೆ ಮದರಂಗಿ ಹಚ್ಕೊಂಡಿದೀರಾ?"

ಯಾಕೆ ಅಂತ ಹೇಳಿದೆ. ಅವನು ಮಾದಬಾದ ಕ್ರೈಸ್ತ. ಆದರೆ ಈ ಕಟ್ಟಳೆ ಎಲ್ಲರಿಗೂ ಒಂದೇ, ಅವನಿಗೆ ಅರ್ಥವಾಯಿತು. ಎಂಜಿನ್ ನಿಲ್ಲಿಸಿ ಹಣೆಯ ಬೆವರು ಒರೆಸಿಕೊಂಡ. ಆಮೇಲೆ ಮತ್ತೆ ಎಂಜಿನ್ ಹಚ್ಚಿ, ನನಗೆ ಕಮಾನು ನೇರ ಕಾಣುವಂತೆ ಬಸ್ಸನ್ನು ತಿರುಗಿಸಿ ನಿಲ್ಲಿಸಿದ.

ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಪಾಠ ಮಾಡಿದೆ. ಕೂಗಿ ಕೂಗಿ ಗಂಟಲು ಹರಿಯಿತು. "ಟೀಚರ್ ಸೇನಾಪತಿ ಥರ ಆನೆ ಮೇಲೇ ಕೂತಿದಾರೆ" ಅಂತ ಒಬ್ಬಳು ನಕ್ಕಳು. ನಗಲಿ. ಆ ಯುದ್ಧದಲ್ಲಿ ಆನೆ ಇರಲಿಲ್ಲ ಅಂತ ಅವಳಿಗೆ ಆಮೇಲೆ ಹೇಳಿದೆ.

ಆಗ ನಿಮ್ಮಮ್ಮ ಬಂದರು. ಒಬ್ಬರೇ. ಕೈಯಲ್ಲಿ ಕಾಫಿಯ ಹಿತ್ತಾಳೆ ಗಿಂಡಿ, ಎರಡು ಬಟ್ಟಲು. ರಸ್ತೆ ದಾಟಿ ಬಂದು ಕಿಟಕಿಯ ಕೆಳಗೆ ನಿಂತರು. ಎಷ್ಟು ಸಣ್ಣವರಾಗಿಬಿಟ್ಟಿದ್ದಾರೆ ಫಿದ್ದಾ! ನೀನು ಅದನ್ನು ಬರೆಯಲೇ ಇಲ್ಲ.

"ಕಡ್ಡಿ ಹಂಗೇ ಇದೀಯ" ಅಂದರು. ಬಟ್ಟಲು ತುಂಬಿ ಮೇಲೆ ಚಾಚಿದರು.

ನಾನು ಇಸಕೊಂಡೆ, ಕುಡಿದೆ. ಒಂದೇ ಗುಟುಕಿಗೆ. ಚಿಕ್ಕಂದಿನಿಂದ ಆ ಕೈ ಏನು ಕೊಟ್ಟರೂ ಬಾಯಿಗೆ ಹಾಕಿಕೊಂಡು ಬೆಳೆದವಳು ನಾನು. ಕೈಗೆ ಬುದ್ಧಿ ಎಲ್ಲಿಂದ ಬರಬೇಕು?

ಅವರು ನನ್ನ ಮುಖ ನೋಡಿದರು. "ಕುಡಿದೆಯಾ?" ಅಂದರು.

"ಕುಡಿದೆ ಅತ್ತೆ."

"ಏನೂ ಕೇಳದೆ ಕುಡಿದೆಯಾ?"

ಖಾಲಿ ಬಟ್ಟಲನ್ನು ಇಸಕೊಂಡು ತಿರುಗಿ ನಡೆದುಬಿಟ್ಟರು. ಆಗ ನನಗೆ ಹೊಳೆಯಿತು. ರಾಜಿ ಕೇಳಲು ಬಂದ ಗಂಡಸರು ಏನು ಮಾಡುತ್ತಾರೆ ಅಂತ ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡಿದ್ದೇವಲ್ಲ! ಕಾಫಿ ಕೊಟ್ಟರೆ ಬಟ್ಟಲನ್ನು ಮುಂದೆ ಇಟ್ಟುಕೊಂಡು ಕೂರುತ್ತಾರೆ. 'ನಿಮ್ಮ ಕಾಫಿ ಕುಡೀರಿ, ಕೇಳಿದ್ದು ಕೊಟ್ಟಿದ್ದೇವೆ' ಅಂತ ಮನೆಯವರು ಹೇಳುವ ತನಕ ತುಟಿಗೆ ತಾಗಿಸುವುದಿಲ್ಲ. ಮೊದಲೇ ಕುಡಿದರೆ ನನ್ನದೇನೂ ಕೋರಿಕೆ ಇಲ್ಲ ಅಂತ ಅರ್ಥ. ಊರಿಗೆ ಮರಳಲು ಬಿಡಿ ಅನ್ನುವ ಆರು ವರ್ಷದ ಕೋರಿಕೆಯನ್ನು ನಾನು ಒಂದು ಗುಟುಕಿನಲ್ಲಿ ನುಂಗಿಬಿಟ್ಟೆ. ಆ ಗಂಡಸರ ಸಭೆಯಲ್ಲಿ ಹೆಂಗಸನ್ನು ಒಮ್ಮೆಯಾದರೂ ಕೂರಿಸಿದ್ದರೆ ನನ್ನ ಕೈ ತಡೆಯುತ್ತಿತ್ತೋ ಏನೋ.

ಇಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ನಮ್ಮ ಕಡೆಯ ಹಿರಿಯರು ಮನೆಗೆ ಬಂದು ಕೂಗಾಡಿದರು. "ಓದಿದ ಕತ್ತೆ! ಬಾಗಿಲಿಗೆ ನೀನೇ ಅಗುಳಿ ಹಾಕಿ ಬಂದೆಯಲ್ಲೇ!" ಅಂತ. ಅವರಿಗೆ ನಾನೂ ಎರಡು ಅಂದೆ. ಅಪ್ಪ ಎದ್ದು ಒಳಗೆ ಹೋದರು. ಅಂದಿನಿಂದ ನನ್ನ ಜತೆ ಮಾತೇ ಇಲ್ಲ. ಅಂಗಡಿಯವರ ಜತೆ ಜಗಳವನ್ನೂ ಬಿಟ್ಟಿದ್ದಾರೆ. ಅದು ನನಗೆ ಹೆಚ್ಚು ಭಯ.

ನಿನ್ನಮ್ಮನಿಗೆ ಹೇಳು, ನಾನು ಕೇಳಲು ಬಂದಿದ್ದೆ ಅಂತ. ಏನು ಕೇಳಲು ಅಂತ ಅವರಿಗೆ ಗೊತ್ತು.

ರಸ್ಮಿಯಾ


ಮೂತಾ
27 ಮೇ 1994

ರಸ್ಮಿಯಾ,

ತಡವಾಯಿತು. ಬಕ್ರೀದ್ ಮುಗಿಯಲಿ ಅಂತ ಕಾದೆ, ಯಾಕೆಂದರೆ ಇಲ್ಲಿ ಮಾತು ಮುಗಿದಿರಲಿಲ್ಲ.

ನಾನು ಕರಕ್‌ನಿಂದ ಬಂದಾಗ ಚಿಕ್ಕಪ್ಪ ಮದುಮಗನ ಹಾಗೆ ಓಡಾಡುತ್ತಿದ್ದರು. "ಕುಡಿದಳು! ಎಲ್ಲರೂ ನೋಡಿದಾರೆ, ಡ್ರೈವರೂ ನೋಡಿದಾನೆ. ಅವರದೇನೂ ಕೋರಿಕೆ ಇಲ್ಲ. ಕತೆ ಮುಗೀತು" ಅಂತ ಮನೆಮನೆಗೆ ಹೇಳಿಕೊಂಡು ಬಂದಿದ್ದರು. ಅಮ್ಮ ಕೇಳಿಸಿಕೊಂಡಳು. ಹಬ್ಬದ ಮಾರನೆಯ ದಿನ ಹಿರಿಯರೆಲ್ಲ ನಮ್ಮ ಮನೆಗೆ ಬಂದು ಕೂತಿದ್ದಾಗ ಗಂಡಸರ ಕೋಣೆಯ ಹೊಸಿಲ ಮೇಲೆ ಹೋಗಿ ಕೂತುಬಿಟ್ಟಳು. ಒಳಗೂ ಅಲ್ಲ, ಹೊರಗೂ ಅಲ್ಲ.

"ಅತ್ತಿಗೆ, ಏನಾದ್ರೂ ಬೇಕಿತ್ತಾ?" ಅಂದರು ಚಿಕ್ಕಪ್ಪ.

"ಒಂದು ಮಾತು ಕೇಳಬೇಕಿತ್ತು. ಕೋರಿಕೆ ತಂದವರು ಕಾಫಿ ಯಾವಾಗ ಕುಡೀತಾರೆ?"

"ಕೋರಿಕೆ ಒಪ್ಪಿದ ಮೇಲೆ."

"ಹಾಂ. ಅವಳು ಕುಡಿದಳಾ?"

"ಕುಡಿದಳು."

"ಹಂಗಾದ್ರೆ ಒಪ್ಪಿ ಆಗಿದೆ."

ಚಿಕ್ಕಪ್ಪ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. "ಅವಳು ಏನೂ ಕೇಳಲೇ ಇಲ್ಲವಲ್ಲ! ಯಾರು ಒಪ್ಪಿದ್ದು?"

"ನಾನು ಒಪ್ಪಿದ್ದು. ಕಾಫಿ ಹುರಿದವಳು ನಾನು, ಕುಟ್ಟಿದವಳು ನಾನು, ಕೈಯಾರೆ ಕೊಟ್ಟವಳು ನಾನು. ನಾನು ಒಪ್ಪದೆ ಅವಳ ಹೊಟ್ಟೆಗೆ ಹೆಂಗೆ ಹೋಯ್ತು?"

"ಹೆಂಗಸರ ಕೈ ಕಾಫಿಗೆ ಈ ಲೆಕ್ಕ ಇಲ್ಲ ಅತ್ತಿಗೆ. ಇದು ರಕ್ತದ ಮಾತು. ರಾಜಿ ಕೊಡೋರು ನಾವು."

ಅಮ್ಮ ಆಗ ಎದ್ದು ನಿಂತಳು. ಅವಳ ದನಿ ಅಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ. "ರಕ್ತ ಯಾರದು ಮುತ್ಲಖ್? ಫವ್ವಾಜನ್ನ ನೀನು ಹೆತ್ತೆಯಾ? ನಿನ್ನ ಮೊಲೆ ಕುಡಿದು ಬೆಳೆದನಾ? ಆರು ವರ್ಷ ನೀವೆಲ್ಲ ನನ್ನ ಮಗನ ಹೆಸರು ಹೇಳ್ಕೊಂಡು ದೊಡ್ಡ ಮನುಷ್ಯರಾದಿರಿ. ಪಕ್ಕದ ಮನೇಲಿ ದೀಪ ಇಲ್ದೆ ನಾನು ಕತ್ತಲಲ್ಲಿ ಕೂತೆ. ಅವರು ಹೋದ್ರೆ ನನ್ನ ಮಗ ವಾಪಸ್ ಬಂದನಾ? ಕೊಂದವನು ಜೈಲಲ್ಲಿದಾನೆ, ಇರ್ಲಿ. ಈ ಹುಡುಗಿ ಏನು ಮಾಡಿದ್ಳು? ಇವಳ ಅಪ್ಪ ಏನು ಮಾಡಿದ? ನಾನು ಕೊಟ್ಟೆ, ಅವಳು ಕುಡಿದಳು. ಇನ್ನು ಯಾರಾದ್ರೂ ಅವಳನ್ನ ತಡೆದ್ರೆ ನನ್ನ ಕಾಫಿಗೆ ಉಗುಳಿದ ಹಂಗೆ."

ಹಿರಿಯರಲ್ಲಿ ಹಿರಿಯನಾದ ಒಬ್ಬ ಅಜ್ಜ ಗಡ್ಡದೊಳಗೇ ನಕ್ಕ. "ಕಟ್ಟಳೆ ಪ್ರಕಾರ ಸರಿಯಾಗೇ ಇದೆಯಲ್ಲಯ್ಯಾ" ಅಂದ.

ಆಮೇಲೆ ಮೂರು ದಿನ ಜಗ್ಗಾಡಿದರು. ನಾಯಿಫ್ ಮತ್ತು ಅವನ ಅಪ್ಪನ ಮನೆಯವರು ಮಾತ್ರ ಬರುವಂತಿಲ್ಲ. ಉಳಿದವರು ಬರಬಹುದು. ನೀನು, ನಿನ್ನಪ್ಪ, ತಮ್ಮನ ಸಂಸಾರ, ಎಲ್ಲ. ಜಾಮೀನುದಾರರು ಬಂದು ನಿಮಗೆ ಹೇಳುತ್ತಾರೆ, ತಾವೇ ಎಲ್ಲ ಮಾಡಿದ ಹಾಗೆ ಹೇಳುತ್ತಾರೆ. ನಿಜ ಏನು ಅಂತ ನಿನಗೆ ಗೊತ್ತಿರಲಿ.

ಈಗ ನನ್ನ ಮಾತು. ನೀನು ಬರುವುದು ನನಗೆ ಸಂತೋಷ. ನಿಮ್ಮ ಮನೆಯಲ್ಲಿ ನಿನ್ನ ತಮ್ಮ ನಗುವುದು ಕೇಳಿದ ದಿನ ನಿಮ್ಮನ್ನೆಲ್ಲ ಸುಟ್ಟುಬಿಡಬೇಕು ಅನ್ನಿಸುತ್ತದೆ, ಅದೂ ನಿಜ. ನಿನಗೆ ತಮ್ಮ ಇದ್ದಾನೆ. ಎರಡನ್ನೂ ತಡೆದುಕೊಳ್ಳುವ ಶಕ್ತಿ ಇದ್ದರೆ ಬಾ.

ಫಿದ್ದಾ


ಮಾದಬಾ
3 ಜೂನ್ 1994

ಫಿದ್ದಾ,

ತಡೆದುಕೊಳ್ಳುತ್ತೇನೆ. ಬೈಯಬೇಕೆನಿಸಿದ ದಿನ ಗೋಡೆಯಾಚೆಯಿಂದಲ್ಲ, ಒಳಗೆ ಬಂದು ಬೈ.

ಅಪ್ಪನಿಗೆ ಹೇಳಿದಾಗ ಬಟ್ಟೆಯ ಗಂಟೊಂದನ್ನು ಹತ್ತಿರ ಎಳೆದುಕೊಂಡರು. ಆಮೇಲೆ, "ನಮ್ಮಣ್ಣನ್ನ ಇಲ್ಲೇ ಬಿಟ್ಟು ಹೋಗಬೇಕಲ್ಲಾ" ಅಂದರು. ದೊಡ್ಡಪ್ಪ ಪಕ್ಕದ ಓಣಿಯಲ್ಲೇ ಇದ್ದಾರೆ. ಚೂರಿ ಹಿಡಿದದ್ದು ಅವರ ಮಗ, ಅವರಲ್ಲ. ಅವರ ಸೊಸೆ, ಮೊಮ್ಮಕ್ಕಳು ಏನು ಮಾಡಿದ್ದರು? ನಿನ್ನಮ್ಮ ದೊಡ್ಡ ಮನಸ್ಸು ಮಾಡಿದ್ದಾರೆ, ಅವರ ಕಾಲು ಮುಟ್ಟುತ್ತೇನೆ. ಆದರೆ ಈ ಕಟ್ಟಳೆಯ ಬೇರು ಕಿತ್ತ ಹಾಗಾಗಲಿಲ್ಲ, ಒಂದು ಕೊಂಬೆ ಮುರಿದ ಹಾಗಾಯಿತು. ಅದರ ಜತೆ ನನ್ನ ಜಗಳ ಮುಗಿದಿಲ್ಲ. ಮುತ್ಲಖ್ ಚಿಕ್ಕಪ್ಪನಿಗೆ ಮೊದಲೇ ಹೇಳಿಡು.

ಅಪ್ಪ ಆ ಸಂಜೆಯೇ ದೊಡ್ಡಪ್ಪನ ಮನೆಗೆ ಹೋದರು. ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಬಂದು, "ಗುರುವಾರ ಹೊರಡೋಣ. ಅಣ್ಣನೇ ಹೋಗು ಅಂದ" ಅಂದರು. ಮುಖ ಗೋಡೆಗೆ ಮಾಡಿ ಮಲಗಿದರು.

ಗುರುವಾರ, ಒಂಬತ್ತನೇ ತಾರೀಕು ಬರುತ್ತೇವೆ. ಕೇಳು, ಮೊದಲು ನಮ್ಮ ಮನೆಗೆ ಹೋಗುವುದಿಲ್ಲ. ಬಾಗಿಲಿಲ್ಲದ ಮನೆಗೆ ಏನು ಅವಸರ? ಮೊದಲು ಫವ್ವಾಜನ ಗೋರಿಗೆ. ಅಪ್ಪ, ನಾನು, ತಮ್ಮ. ಅಲ್ಲಿಗೆ ನೀನು ಬಂದರೆ ಬಾ, ಬರದಿದ್ದರೆ ನಾನು ತಿಳಿದುಕೊಳ್ಳುತ್ತೇನೆ.

ಅಲ್ಲಿಂದ ನೇರ ನಿಮ್ಮ ಮನೆಗೆ. ಜಾಫರ್ ಮೂತಾದಲ್ಲಿ ಬಿದ್ದ ಸುದ್ದಿ ಮದೀನಾಕ್ಕೆ ಮುಟ್ಟಿದ ದಿನ ಪ್ರವಾದಿಯವರು ನೆರೆಯವರಿಗೆ, ಆ ಮನೆಯವರು ದುಃಖದಲ್ಲಿದ್ದಾರೆ, ಅವರಿಗೆ ಅಡುಗೆ ಮಾಡಿ ಕಳಿಸಿ ಅಂದರಂತೆ. ಸಾವಿನ ಮನೆಗೆ ನಾವೆಲ್ಲ ಊಟ ಹೊರುವುದು ಅಂದಿನಿಂದ. ಫವ್ವಾಜ್ ಸತ್ತ ದಿನ ಮೂತಾದ ಮನೆಮನೆಯಿಂದ ನಿಮಗೆ ಅಡುಗೆ ಬಂದಿರುತ್ತದೆ. ಗೋಡೆಗೆ ಗೋಡೆ ಹೊಂದಿಕೊಂಡ ಮನೆಯಿಂದ ಮಾತ್ರ ಬರಲಿಲ್ಲ.

ಅನ್ನ ಮಾಂಸ ಇಲ್ಲೇ ಬೇಯಿಸಿ, ಪಾತ್ರೆಗೆ ಕಂಬಳಿ ಸುತ್ತಿ ತರುತ್ತೇನೆ. ಸಾರಿಗೆ ಹಾಕುವುದು ಮಾದಬಾದ ಜಮೀದ್, ರುಚಿಗೆ ಬೈಯಬೇಡಿ. ಗುರುವಾರ ಒಲೆ ಹಚ್ಚಬೇಡಿ ಅಂತ ಅಮ್ಮನಿಗೆ ಹೇಳು.

ನಿನ್ನ
ರಸ್ಮಿಯಾ